ಮಹಜರು ಇಲ್ಲದ ಜಪ್ತಿ

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಾಳೆ ಇದೆ. ನೀಲಿ ಬಾಲ್‌ಪೆನ್ನಿನಲ್ಲಿ ಎರಡೂ ಮಗ್ಗುಲು ಬರೆದಿದ್ದಾರೆ. ಕೊನೆಯಲ್ಲಿ ನಾಲ್ಕು ಸಹಿ. ಒಂದು ನನ್ನದು, ಒಂದು ಎಸ್‌ಐ ಅವರದ್ದು, ಇನ್ನೆರಡು ಪಂಚರದ್ದು. ಪಂಚರಾಗಿದ್ದವರು ಪಕ್ಕದ ಟೀ ಅಂಗಡಿಯವರು ಮತ್ತು ಎದುರಿಗೆ ಕೂತು ಅರ್ಜಿ ಬರೆದುಕೊಡುವ ಯಜಮಾನರು. 2024ರ ನವೆಂಬರ್‌ನಲ್ಲಿ ಪೊಲೀಸರು ನನ್ನ ಕಂಪ್ಯೂಟರ್ ಜಪ್ತಿ ಮಾಡಿದಾಗ ಬರೆದ ಮಹಜರಿನ ನಕಲು ಅದು.

ಆಗ ಆ ಹಾಳೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಈಗ ಅದನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ತುಮಕೂರಿನಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹತ್ತೊಂಬತ್ತು ವರ್ಷವಾಯಿತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಗಿರಾಕಿಗಳಿಗೆ ಎರಡು ಸ್ಟೂಲು. ಬಾಡಿಗೆ ಕರಾರು, ಕ್ರಯದ ಕರಾರು, ವಿಭಾಗ ಪತ್ರ, ವಿಲ್ಲು, ಅಫಿಡವಿಟ್, ಚೆಕ್ ಬೌನ್ಸ್ ನೋಟಿಸು, ಜೀವನಾಂಶದ ಅರ್ಜಿ, ಎಲ್ಲ ಟೈಪ್ ಮಾಡುತ್ತೇನೆ. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆಯಿಂದ ಜನ ಬೆಳಗಿನ ಬಸ್ಸಿಗೇ ಬಂದು ಬಾಗಿಲು ತೆಗೆಯುವುದನ್ನು ಕಾಯುತ್ತಿರುತ್ತಾರೆ.

ಟೈಪ್ ಮಾಡುವವರ ಪಕ್ಕ ಕೂತು ಜನ ಏನೇನು ಹೇಳುತ್ತಾರೆ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಗಂಡ ಯಾವ ತಿಂಗಳು ಹೊಡೆದ, ಎಲ್ಲಿಗೆ ಹೊಡೆದ, ಯಾವ ಡಾಕ್ಟರಿಗೆ ತೋರಿಸಿದರು. ದೊಡ್ಡ ಮಗನಿಗೆ ಯಾಕೆ ಪಾಲು ಕೊಡುತ್ತಿಲ್ಲ. ಎಷ್ಟು ಸಾಲ, ಯಾರ ಹತ್ತಿರ, ಎಷ್ಟು ಬಡ್ಡಿಗೆ. ಹೇಳದಿದ್ದರೆ ಅರ್ಜಿ ಆಗುವುದಿಲ್ಲ, ಅದಕ್ಕೆ ಹೇಳುತ್ತಾರೆ. ಕೆಲವರ ದನಿ ತೀರಾ ತಗ್ಗುತ್ತದೆ. ಆಗ ನಾನು ಫ್ಯಾನ್ ಆರಿಸಿ ಕೇಳಿಸಿಕೊಳ್ಳುತ್ತೇನೆ.

ಮುಗಿದ ಮೇಲೆ ಫೈಲು ಸೇವ್ ಮಾಡಿ ಇಡುತ್ತಿದ್ದೆ. ವಕೀಲರು ತಿದ್ದುಪಡಿ ಹೇಳುತ್ತಾರೆ, ಇನ್ನೊಂದು ಪ್ರತಿ ಕೇಳುತ್ತಾರೆ. ಹಾಗೆ ಹನ್ನೊಂದು ವರ್ಷದ ಫೈಲುಗಳು ಒಂದೇ ಹಾರ್ಡ್ ಡಿಸ್ಕಿನಲ್ಲಿ ಕೂತಿದ್ದವು. ಜೊತೆಗೆ ಸ್ಕ್ಯಾನ್ ಮಾಡಿದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಪಹಣಿ.

ಆ ದಿನ ಹನ್ನೊಂದು ಗಂಟೆ ಹೊತ್ತಿಗೆ ಒಂದು ಠಾಣೆಯವರು ಬಂದರು. ಜಮೀನಿನ ಒಂದು ಕ್ರಯದ ಕರಾರು ನನ್ನಲ್ಲಿ ಟೈಪ್ ಆಗಿತ್ತು. ಒಬ್ಬರು ಅದು 2017ರದ್ದು ಅನ್ನುತ್ತಾರೆ. ಇನ್ನೊಬ್ಬರು, ಇಲ್ಲ, 2021ರಲ್ಲಿ ಟೈಪ್ ಮಾಡಿಸಿ ಹಳೇ ತಾರೀಖು ಹಾಕಿದ್ದಾರೆ ಎಂದು ಕಂಪ್ಲೇಂಟ್ ಕೊಟ್ಟಿದ್ದರು. ಆ ಫೈಲು ಯಾವತ್ತು ಹುಟ್ಟಿತು ಅನ್ನುವುದು ನನ್ನ ಮೆಷಿನ್ನಿಗೆ ಗೊತ್ತು. ನಾನು ಆರೋಪಿ ಅಲ್ಲ, ಸಾಕ್ಷಿ. ಎಸ್‌ಐ ಒರಟಾಗಿ ಮಾತಾಡಲಿಲ್ಲ. "ಮೇಡಂ, ಸಿಪಿಯು ತಗೊಂಡು ಹೋಗ್ಬೇಕಾಗುತ್ತೆ" ಅಂದರು. "ಆ ಒಂದು ಫೈಲು ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ ಸಾರ್" ಅಂದೆ. "ಹಾಗೆ ಆಗಲ್ಲ, ಎಫ್‌ಎಸ್‌ಎಲ್‌ಗೆ ಕಳಿಸ್ಬೇಕು." ಅಂದರೆ ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಕಾಪಿ ಮಾಡಿಕೊಟ್ಟರೆ ಅದರ ತಾರೀಖೇ ಬದಲಾಗಬಹುದು.

ಒಬ್ಬ ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ ನಿಂತರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿಯ ವಿಡಿಯೊ ಕಡ್ಡಾಯ. ಇನ್ನೊಬ್ಬರು ಸಿಪಿಯು ಬಣ್ಣ, ಕಂಪನಿ, ಸೀರಿಯಲ್ ನಂಬರ್ ಬರೆದುಕೊಂಡರು. ಬಿಳಿ ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಹಾಕಿದರು. ಪಾಸ್‌ವರ್ಡ್ ಕೇಳಿದರು. ಚೀಟಿಯಲ್ಲಿ ಬರೆದುಕೊಟ್ಟೆ. ನನ್ನ ಇಮೇಲಿಗೂ ಅದೇ ಪಾಸ್‌ವರ್ಡ್ ಇತ್ತು. ಆ ಗಾಬರಿಯಲ್ಲಿ ಅದು ಹೊಳೆಯಲಿಲ್ಲ.

ಒಂದು ವಾರದಲ್ಲಿ ಸುದ್ದಿ ಕೋರ್ಟಿನ ಸುತ್ತ ಹಬ್ಬಿತು. ಜನ ಬಂದು ವಿಚಾರಿಸಿದರು. ಅವರಲ್ಲಿ ಒಬ್ಬಳನ್ನು ನಾನು ಮರೆಯುವುದಿಲ್ಲ. ಹೆಸರು, ಊರು ಬೇಡ. ಅವಳ ಡೈವೋರ್ಸ್ ಅರ್ಜಿ ನಾನೇ ಟೈಪ್ ಮಾಡಿದ್ದೆ, ಹದಿನೇಳು ಪುಟ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಕ್ಕಾ, ಅದ್ರಲ್ಲಿ ನಂದೂ ಐತಾ?"

"ಇದೆ ಕಣಮ್ಮ."

"ಅವ್ರ ಕಡೇರು ಸ್ಟೇಷನ್ನಿಗೆಲ್ಲ ಓಡಾಡ್ತಿರ್ತಾರೆ. ಯಾರಾದ್ರೂ ಓದ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೋ ಓದಿದರು ಎಂದು ಹೇಳಲು ನನ್ನಲ್ಲಿ ಏನೂ ಆಧಾರವಿಲ್ಲ. ಯಾರೂ ಓದಿಲ್ಲ ಎಂದು ಅವಳಿಗೆ ಮಾತು ಕೊಡಲೂ ಏನೂ ಇರಲಿಲ್ಲ. ಪೊಲೀಸರಿಗೆ ಬೇಕಿದ್ದದ್ದು ನಾಲ್ಕು ಪುಟದ ಒಂದು ಕರಾರು. ಅದರ ಜೊತೆಗೆ ಇವಳ ಹದಿನೇಳು ಪುಟವೂ ಹೋಯಿತು. ಅವಳಿಗೆ ಆ ಜಮೀನು ಎಲ್ಲಿದೆ ಅಂತಲೂ ಗೊತ್ತಿಲ್ಲ.

ಐದು ತಿಂಗಳಾದ ಮೇಲೆ ವಕೀಲರು ಅರ್ಜಿ ಹಾಕಿ, ನಾನು ಬಾಂಡ್ ಬರೆದುಕೊಟ್ಟು, ಕೋರ್ಟ್ ಆದೇಶದ ಮೇಲೆ ಸಿಪಿಯು ವಾಪಸ್ ಬಂತು. ಅಷ್ಟು ದಿನ ಸೆಕೆಂಡ್ ಹ್ಯಾಂಡ್ ಮೆಷಿನ್ನಿನಲ್ಲಿ ಕೆಲಸ ನಡೆಸಿದೆ. ಆ ವಿಷಯ ಇಲ್ಲಿಗೆ ಸಾಕು.

ನನ್ನ ಮಗಳು ಬೆಂಗಳೂರಿನಲ್ಲಿ ಬಿಸಿಎ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮೊದಲು ಪಾಸ್‌ವರ್ಡ್ ವಿಚಾರಕ್ಕೆ ಚೆನ್ನಾಗಿ ಬೈದಳು. ಆಮೇಲೆ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನ ಬಗ್ಗೆ ಹೇಳಿದಳು. ಫೋನು, ಲ್ಯಾಪ್‌ಟಾಪ್ ಶೋಧಿಸಲು ತುರ್ತು ಸಂದರ್ಭ ಬಿಟ್ಟರೆ ಸರ್ಚ್ ವಾರೆಂಟ್ ಬೇಕು ಎಂದು ಅದರಲ್ಲಿ ಇದೆ. ಕಂಪ್ಯೂಟರ್ ಜಪ್ತಿ ಹೇಗೆ ಮಾಡಬೇಕು ಅಂತಲೂ ಬರೆದಿದ್ದಾರೆ. ಆರಿದ್ದರೆ ಆನ್ ಮಾಡಬಾರದು, ಇದ್ದಂತೆಯೇ ಫೋಟೊ ತೆಗೆಯಬೇಕು, ತಿಳಿದವರು ಜೊತೆಗಿರಬೇಕು. ನಮ್ಮ ರಾಜ್ಯದ ಕೋರ್ಟು ಇಷ್ಟು ಬಿಡಿಸಿ ಹೇಳಿದ್ದು, ದಿನಾ ಕೋರ್ಟಿನ ಪಕ್ಕ ಕೂತಿರುವ ನನಗೆ ಗೊತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಪತ್ರಕರ್ತರ ಸಂಸ್ಥೆಯೊಂದರ ಅರ್ಜಿಯ ಮೇಲೆ, ಇಂಥ ಜಪ್ತಿಗೆ ಮಾರ್ಗಸೂಚಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ಅವಳು ಇನ್ನೊಂದು ಮಾತು ಕೇಳಿದಳು. "ಅಮ್ಮ, ಅವರು ಬಂದು ತಗೊಂಡು ಹೋದ್ರು, ನಿನಗೆ ಗೊತ್ತಾಯ್ತು. ಬರದೇನೇ ತಗೊಂಡಿದ್ರೆ?"

ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಬರದೇ ತೆಗೆದುಕೊಳ್ಳುವುದು ಹೇಗೆ ಅಂತ ಅವಳೇ ಬಿಡಿಸಿ ಹೇಳಿದಳು. ನಮಗೆ ಗುರುತಿರುವವರ ಹೆಸರಿನಲ್ಲೇ ಒಂದು ಮೇಲ್ ಬರುತ್ತದೆ. ಅದರಲ್ಲಿರುವ ಫೈಲು ತೆರೆದರೆ ಒಳಗೊಂದು ಸಣ್ಣ ಪ್ರೋಗ್ರಾಂ ಸೇರಿಕೊಳ್ಳುತ್ತದೆ. ಕೆಲವಕ್ಕೆ ತೆರೆಯುವುದೂ ಬೇಡ. ಆಮೇಲೆ ನಾವು ಒತ್ತುವ ಪ್ರತಿ ಕೀಲಿ, ತೆರೆಯುವ ಪ್ರತಿ ಫೈಲು, ಮೈಕು, ಕ್ಯಾಮೆರಾ, ಎಲ್ಲ ದೂರದಲ್ಲಿ ಕೂತವರ ಕೈಯಲ್ಲಿ. ಕಳ್ಳರು ಮಾಡುವುದೂ ಇದನ್ನೇ. ಸರ್ಕಾರಗಳೂ ಇದನ್ನು ಮಾಡುತ್ತವೆ. ಬ್ರಿಟನ್‌ನಲ್ಲಿ 2016ರ ಕಾನೂನು ಪೊಲೀಸರಿಗೆ ಇದಕ್ಕೆ ಅಧಿಕಾರ ಕೊಟ್ಟಿದೆ. ಅಮೆರಿಕದಲ್ಲಿ 2016ರ ಡಿಸೆಂಬರ್‌ನಿಂದ, ಕಂಪ್ಯೂಟರ್ ಎಲ್ಲಿದೆ ಅಂತ ಗೊತ್ತಾಗದಂತೆ ಮರೆಮಾಡಿದ್ದರೂ ಅದರೊಳಗೆ ಹೋಗಿ ಹುಡುಕಲು ನ್ಯಾಯಾಧೀಶರು ವಾರೆಂಟ್ ಕೊಡಬಹುದು.

ನನ್ನ ಮಹಜರಿನಲ್ಲಿ ಏನೇನಿದೆ ನೋಡಿ. ಯಾರು ಬಂದರು, ಯಾವ ಕೇಸು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗೀತು, ಏನು ತೆಗೆದುಕೊಂಡರು, ಯಾರ ಎದುರಿಗೆ. ನಾಳೆ ಏನಾದರೂ ಏರುಪೇರಾದರೆ ಈ ಹಾಳೆ ಹಿಡಿದು ನಾನು ಕಟಕಟೆಯಲ್ಲಿ ನಿಂತು ಕೇಳಬಹುದು. ಆ ಹೆಣ್ಣುಮಗಳೂ ಬಂದು ನನ್ನನ್ನು ಕೇಳಬಹುದು. ದೂರದಿಂದ ಹೊಕ್ಕಿದ್ದರೆ ಇದ್ಯಾವುದೂ ಇರುವುದಿಲ್ಲ. ಟೀ ಅಂಗಡಿಯವರು ಸಹಿ ಹಾಕುವುದಿಲ್ಲ. ನಾನು ಎಂದಿನಂತೆ ಟೈಪ್ ಮಾಡುತ್ತಾ ಕೂತಿರುತ್ತೇನೆ. ಪಕ್ಕದ ಸ್ಟೂಲಿನಲ್ಲಿ ಕೂತವರು ದನಿ ತಗ್ಗಿಸಿ ಹೇಳುತ್ತಿರುತ್ತಾರೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ನನ್ನ ಕೆಲಸ ಗೊತ್ತಿರುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಕರಾರಿನ ಕೇಸಿನಲ್ಲಿ ನನ್ನ ಮಾತಿಗಿಂತ ಕಂಪ್ಯೂಟರಿನ ಮಾತಿಗೆ ತೂಕ ಜಾಸ್ತಿ. ಏಳು ವರ್ಷದ ಹಿಂದಿನದು ನನಗೆ ಮರೆತಿರಬಹುದು, ನಾನು ಸುಳ್ಳೂ ಹೇಳಬಹುದು. ಮೆಷಿನ್ ಸುಮ್ನೆ ತಾರೀಖು ಇಟ್ಟುಕೊಂಡಿರುತ್ತದೆ. ಕೋರ್ಟಿನಲ್ಲಿ ಎದುರು ವಕೀಲರು "ಈ ಸಾಕ್ಷಿಗೆ ಹೇಳಿಕೊಟ್ಟು ಕರೆತಂದಿದ್ದಾರೆ" ಅನ್ನುವುದನ್ನು ನೂರಾರು ಸಲ ಕೇಳಿದ್ದೇನೆ. ದೂರದಿಂದ ಒಳಗೆ ಹೋಗುವ ದಾರಿ ಇದ್ದರೆ ಮೆಷಿನ್ನಿಗೂ ಹೇಳಿಕೊಡಬಹುದು. ಓದಲು ಹೋದ ಕೈಗೆ ಬರೆಯಲೂ ಬರುತ್ತದೆ. ಇಲ್ಲದ ಫೈಲು ಇಡಬಹುದು, ಇರುವ ತಾರೀಖು ತಿರುಚಬಹುದು.

ಇದು ಬರೀ ಊಹೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಗಲಭೆಯ ಪ್ರಕರಣದಲ್ಲಿ 2018ರಲ್ಲಿ ಬಂಧಿತರಾದ ಹೋರಾಟಗಾರ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ಪ್ರತಿಯನ್ನು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆ ಪರೀಕ್ಷೆ ಮಾಡಿತು. ಅದರ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ನೆಟ್‌ವೈರ್ ಎಂಬ ಮಾಲ್‌ವೇರ್, ಅಂದರೆ ಕದ್ದು ಒಳಸೇರುವ ಪ್ರೋಗ್ರಾಂ, ಒಂದು ಮೇಲ್ ಮೂಲಕ ಒಳಗೆ ಬಂದು 22 ತಿಂಗಳು ಅಲ್ಲೇ ಇತ್ತು, ಅವರ ಮೇಲೆ ಸಾಕ್ಷಿಯಾಗಿ ಹಾಜರುಪಡಿಸಿದ ಪತ್ರಗಳನ್ನು ಅದರ ಮೂಲಕವೇ ಒಳಗಿಟ್ಟಿದ್ದಾರೆ ಎಂದು ಅದು ಹೇಳಿತು. ಇಟ್ಟವರು ಯಾರು ಎಂದು ವರದಿ ಹೇಳಲಿಲ್ಲ. ಕೇಸಿನ ತನಿಖೆ ಮಾಡುತ್ತಿದ್ದ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ಆ ವರದಿಯನ್ನು ಒಪ್ಪಲಿಲ್ಲ. 2022ರ ಡಿಸೆಂಬರ್‌ನಲ್ಲಿ ಆರ್ಸೆನಲ್ ಸಂಸ್ಥೆಯೇ, ಅದೇ ಪ್ರಕರಣದಲ್ಲಿ ಬಂಧಿತರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿ ಅವರ ಕಂಪ್ಯೂಟರಿನಲ್ಲೂ 40ಕ್ಕೂ ಹೆಚ್ಚು ಫೈಲುಗಳನ್ನು ಹೀಗೆ ಇಟ್ಟಿದ್ದರು ಎಂದಿತು. ಅಷ್ಟು ಹೊತ್ತಿಗೆ ಸ್ಟ್ಯಾನ್ ಸ್ವಾಮಿ ತೀರಿಹೋಗಿ ಒಂದೂವರೆ ವರ್ಷ ಆಗಿತ್ತು. 84 ವರ್ಷದವರು, ಕೈ ನಡುಗುವ ಪಾರ್ಕಿನ್ಸನ್ಸ್ ಇತ್ತು, ಲೋಟ ಹಿಡಿಯಲು ಆಗದೆ ಸ್ಟ್ರಾ ಇರುವ ಲೋಟ ಕೇಳಿದ್ದರು. ಬೆಂಗಳೂರಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. ಜಾಮೀನಿನ ಅರ್ಜಿ ಇನ್ನೂ ಕೋರ್ಟಿನಲ್ಲಿ ಇದ್ದಾಗಲೇ 2021ರ ಜುಲೈ 5ರಂದು ಹೋಗಿಬಿಟ್ಟರು.

ಅವರ ರಾಜಕೀಯ ಏನು, ಕೇಸು ಏನಾಗಬೇಕು ಅನ್ನುವುದು ಬೇರೆ ಮಾತು. ನನಗೆ ಕಾಡುವುದು ಇಷ್ಟೇ. ಒಂದು ಮೆಷಿನ್ನಿಗೆ ಗೊತ್ತಾಗದ ಹಾಗೆ ಯಾರೋ ಹೊಕ್ಕಿದ್ದರೆ, ಆಮೇಲೆ ಅದರಲ್ಲಿ ಸಿಕ್ಕಿದ್ದನ್ನು ಯಾರದ್ದು ಅಂತ ನಂಬುವುದು?

ಇದಕ್ಕೆ ಒಂದು ಕಾವಲು ಇದೆ, ಹ್ಯಾಶ್ ಅನ್ನುತ್ತಾರೆ. ಡಿಸ್ಕಿನಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ಉದ್ದದ ಒಂದು ಗುರುತು ತೆಗೆಯುತ್ತಾರೆ. ಹನ್ನೊಂದು ವರ್ಷದ ಫೈಲಿನಲ್ಲಿ ಒಂದೇ ಒಂದು ಅರ್ಕಾವತ್ತು ಬದಲಾದರೂ ಇಡೀ ಗುರುತೇ ಬೇರೆ ಬರುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗ ಇಟ್ಟಿದ್ದಾರೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನನ್ನ ಮಹಜರಿನಲ್ಲಿ ಅಂಥ ಗುರುತು ಇಲ್ಲ. ಇನ್ನೊಂದು, ಜಪ್ತಿ ಆದ ಮೇಲೆ ಆಗುವ ಬದಲಾವಣೆಯನ್ನು ಮಾತ್ರ ಹ್ಯಾಶ್ ಹಿಡಿಯುತ್ತದೆ. ಜಪ್ತಿಗೆ ಮೊದಲೇ ಯಾರೋ ಒಳಗೆ ಹೋಗಿ ಬಂದಿದ್ದರೆ ಅದು ಏನೂ ಹೇಳುವುದಿಲ್ಲ.

ನಮ್ಮ ಕಾನೂನಿನಲ್ಲಿ ಏನಿದೆ ಅಂತ ವಕೀಲರನ್ನು ಕೇಳಿ, ಓದಿ ತಿಳಿದುಕೊಂಡೆ. ಐಟಿ ಕಾಯ್ದೆಯಲ್ಲಿ ಇನ್ನೊಬ್ಬರ ಕಂಪ್ಯೂಟರಿಗೆ ಅನುಮತಿ ಇಲ್ಲದೆ ಮೋಸದಿಂದ ಹೊಕ್ಕರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 69ನೇ ಕಲಂ ಸರ್ಕಾರಕ್ಕೆ ಬಾಗಿಲು ತೆರೆಯುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಇವುಗಳ ಜೊತೆಗೆ "ಯಾವುದೇ ಅಪರಾಧದ ತನಿಖೆ" ಅನ್ನುವ ಮಾತೂ ಅದರಲ್ಲಿ ಇದೆ. ಹರಿದಾಡುವ ಮಾಹಿತಿಯ ಜೊತೆಗೆ ಕಂಪ್ಯೂಟರಿನಲ್ಲಿ ಇಟ್ಟಿರುವ ಮಾಹಿತಿಯೂ ಸೇರುತ್ತದೆ. ಸಹಕರಿಸದಿದ್ದರೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಹತ್ತು ಸಂಸ್ಥೆಗಳನ್ನು ಇದಕ್ಕೆ ಹೆಸರಿಸಿತು. ದೆಹಲಿ ಪೊಲೀಸ್ ಕಮಿಷನರ್ ಕೂಡ ಅದರಲ್ಲಿ ಇದ್ದಾರೆ. ಮಾಲ್‌ವೇರ್ ಹಾಕಿ ಒಳಗೆ ಹೋಗಬಹುದೇ ಅನ್ನುವುದನ್ನು ಆ ಕಲಂ ಬಿಡಿಸಿ ಹೇಳುವುದೇ ಇಲ್ಲ. ಹೇಳದೇ ಬಿಟ್ಟಿರುವುದೇ ನನಗೆ ಜಾಸ್ತಿ ಹೆದರಿಕೆ.

ಅನುಮತಿ ಕೊಡುವವರು ಯಾರು? ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ರಾಜ್ಯದ ಗೃಹ ಕಾರ್ಯದರ್ಶಿ. ನ್ಯಾಯಾಧೀಶರು ಎಲ್ಲೂ ಬರುವುದಿಲ್ಲ. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸುತ್ತಾ 180 ದಿನದವರೆಗೆ ಹೋಗಬಹುದು. ಆಮೇಲೆ ಅಧಿಕಾರಿಗಳೇ ಇರುವ ಒಂದು ಪರಿಶೀಲನಾ ಸಮಿತಿ ಎರಡು ತಿಂಗಳಿಗೊಮ್ಮೆ ಕೂತು ಆದೇಶಗಳನ್ನು ನೋಡಬೇಕು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿಯಲ್ಲಿ ಈ ಸಮಿತಿಯ ಪಾಡು ಇದೆ. ಪ್ರತಿ ಸಭೆಯಲ್ಲಿ ಅದು 15,000ದಿಂದ 18,000 ಕದ್ದಾಲಿಕೆ ಆದೇಶಗಳನ್ನು ನೋಡಬೇಕಾಗುತ್ತದೆ.

ಈ ಸಂಖ್ಯೆ ಓದಿದಾಗ ಕ್ಯಾಲ್ಕುಲೇಟರ್ ತೆಗೆದೆ. ಒಂದು ಆದೇಶಕ್ಕೆ ಒಂದೇ ನಿಮಿಷ ಎಂದರೂ 15,000 ನಿಮಿಷ, 250 ಗಂಟೆ. ಹತ್ತು ಹಗಲು ಹತ್ತು ರಾತ್ರಿ ಎದ್ದೇಳದೆ ಕೂತರೂ ಸಾಲದು. ನಾನು ಒಂದು ಕ್ರಯಪತ್ರದ ಚೆಕ್ಕುಬಂದಿ ತಾಳೆ ನೋಡಲು ಕಾಲು ಗಂಟೆ ತೆಗೆದುಕೊಳ್ಳುತ್ತೇನೆ. ಪೂರ್ವಕ್ಕೆ ಇರುವವರು ಪಶ್ಚಿಮಕ್ಕೆ ಹೋಗಿಬಿಟ್ಟರೆ ಎರಡು ಮನೆತನ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತವೆ. ಒಬ್ಬರ ಇಡೀ ಬದುಕನ್ನು ತೆರೆಯುವ ಆದೇಶವನ್ನು ಅಷ್ಟು ಹೊತ್ತೂ ಯಾರೂ ನೋಡದಿದ್ದರೆ ಹೇಗೆ?

ಮೊದಲೇ ತಡೆಯುವ ನ್ಯಾಯಾಧೀಶರು ಬೇಕು ಅನ್ನುವುದು ನಾನೊಬ್ಬಳೇ ಹೇಳುವ ಮಾತಲ್ಲ. ಬ್ರಿಟನ್‌ನಲ್ಲಿ ಇಂಥ ವಾರೆಂಟನ್ನು ಅಲ್ಲಿನ ನ್ಯಾಯಿಕ ಕಮಿಷನರ್ ಒಪ್ಪಬೇಕು. ಜರ್ಮನಿಯ ಸಂವಿಧಾನ ಕೋರ್ಟು 2008ರ ಫೆಬ್ರವರಿ 27ರಂದೇ, ಕಂಪ್ಯೂಟರಿನ ಗುಟ್ಟು ಮತ್ತು ಅದರ ಮೇಲಿನ ನಂಬಿಕೆ ಕಾಪಾಡುವುದು ಮೂಲಭೂತ ಹಕ್ಕು ಎಂದಿತು. ಹಾಗಂತ ಅಲ್ಲಿ ಎಲ್ಲ ಸರಿಹೋಯಿತು ಅಂತಲ್ಲ. 2011ರಲ್ಲಿ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ತಂತ್ರಜ್ಞರ ಸಂಘ ಅಲ್ಲಿನ ಪೊಲೀಸರು ಬಳಸುತ್ತಿದ್ದ ಪ್ರೋಗ್ರಾಂ ಬಿಚ್ಚಿ ನೋಡಿತು. ಕರೆ ಕೇಳಿಸಿಕೊಳ್ಳಲು ಎಂದು ಹಾಕಿದ್ದು, ದೂರದಿಂದ ಬೇರೆ ಪ್ರೋಗ್ರಾಂಗಳನ್ನೂ ಒಳಗೆ ಇಳಿಸುವಂತಿತ್ತು.

ಕರ್ನಾಟಕದವರಿಗೆ ಈ ಕಥೆ ಹೊಸದಾಗಬಾರದು. ರಾಮಕೃಷ್ಣ ಹೆಗಡೆ 1988ರಲ್ಲಿ ಫೋನ್ ಕದ್ದಾಲಿಕೆ ವಿಷಯಕ್ಕೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಾಗ ನಾನು ಸ್ಕೂಲಿನಲ್ಲಿದ್ದೆ. ನಮ್ಮಪ್ಪ ರೇಡಿಯೊದಲ್ಲಿ ವಾರ್ತೆ ಕೇಳಿ ಊಟ ಬಿಟ್ಟು ಎದ್ದದ್ದು ನೆನಪಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ಹೇಳಿದರಲ್ಲ, ಆ ಕೇಸಿಗೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. 2012ರಲ್ಲಿ, 86ನೇ ವಯಸ್ಸಿನಲ್ಲಿ ಅವರು ಅರ್ಜಿ ಹಾಕಿದರು. ನನ್ನ ಅಂಗಡಿಗೆ ಬರುವ ಆ ವಯಸ್ಸಿನ ಹಿರಿಯರಿಗೆ ಮೆಟ್ಟಿಲು ಹತ್ತಲೂ ನಾನು ಕೈ ಕೊಡುತ್ತೇನೆ.

ಪೆಗಾಸಸ್ ವಿಚಾರದಲ್ಲಂತೂ ನಮ್ಮ ಜಿಲ್ಲೆಯ ಹೆಸರೇ ಬಂತು. ಇಸ್ರೇಲಿನ ಎನ್‌ಎಸ್‌ಒ ಕಂಪನಿ ಸರ್ಕಾರಗಳಿಗೆ ಮಾತ್ರ ಮಾರುತ್ತೇನೆ ಅನ್ನುವ ಪ್ರೋಗ್ರಾಂ ಅದು. 2019ರಲ್ಲಿ ಸುಮಾರು 1,400 ಫೋನುಗಳಿಗೆ ಅದನ್ನು ಬಿಟ್ಟಿದ್ದಾರೆ ಎಂದು ವಾಟ್ಸ್‌ಆ್ಯಪ್ ಅಮೆರಿಕದ ಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಪತ್ರಿಕೆಗಳು ಬಯಲು ಮಾಡಿದ, ಪೆಗಾಸಸ್ ಗುರಿ ಇಟ್ಟಿರಬಹುದಾದ ಫೋನ್ ಸಂಖ್ಯೆಗಳ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ನಮ್ಮ ಕೊರಟಗೆರೆ ಶಾಸಕ ಜಿ. ಪರಮೇಶ್ವರ ಅವರದ್ದೂ ಇತ್ತು ಎಂದು ವರದಿಯಾಯಿತು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನಿಗೆ ಹೊಕ್ಕಿದ್ದರು ಅಂತ ಹೇಳಲು ಬರುವುದಿಲ್ಲ. 2023ರಲ್ಲಿ ಅವರೇ ರಾಜ್ಯದ ಗೃಹ ಸಚಿವರಾದರು. ಆ ಪಟ್ಟಿಯಲ್ಲಿ ತಮ್ಮ ನಂಬರ್ ಇತ್ತು ಎಂಬ ಸುದ್ದಿ ಕೇಳಿದ ದಿನದ ಕಸಿವಿಸಿ ಅವರಿಗೆ ನೆನಪಿರಲಿ ಎಂದು ಈ ಜಿಲ್ಲೆಯ ಮತದಾರಳಾಗಿ ನಾನು ಕೇಳಿಕೊಳ್ಳುತ್ತೇನೆ. ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿ 29 ಫೋನು ನೋಡಿತು. ಐದರಲ್ಲಿ ಮಾಲ್‌ವೇರ್ ಸಿಕ್ಕಿತು, ಅದು ಪೆಗಾಸಸ್ ಅಂತ ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದಾಗಿ 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ ಕೋರ್ಟಿನಲ್ಲಿ ತಿಳಿಸಿದರು.

ಇಷ್ಟೆಲ್ಲ ಬರೆದ ಮೇಲೆ ಪೊಲೀಸರ ಕಷ್ಟವನ್ನೂ ಹೇಳಲೇಬೇಕು. ಕಳೆದ ವರ್ಷ ನಮ್ಮ ಬೀದಿಯ ನಿವೃತ್ತ ಟೀಚರ್ ಒಬ್ಬರಿಗೆ ವಿಡಿಯೊ ಕಾಲ್ ಬಂತು. ಖಾಕಿ ಹಾಕಿದವನು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಎರಡು ದಿನ ಮನೆಯಲ್ಲೇ ಕೂರಿಸಿದ. 4 ಲಕ್ಷ ಹೋಯಿತು. ಮಗಳ ಮದುವೆಗೆ ಇಟ್ಟ ದುಡ್ಡು. ನಾನೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಅವರನ್ನು ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ನೀರು ಕೊಟ್ಟು, "ಅಳಬೇಡಿ ಅಮ್ಮ, ನಿಮ್ಮ ಥರ ದಿನಾ ಬರ್ತಾರೆ" ಅಂದರು. ಅವತ್ತು, ಆ ಕಳ್ಳರ ಕಂಪ್ಯೂಟರಿಗೆ ನಮ್ಮ ಪೊಲೀಸರು ನುಗ್ಗಿ ಹಿಡಿಯಲಿ ಎಂದು ನಾನೂ ಬೇಡಿಕೊಂಡೆ. ಯುರೋಪಿನಲ್ಲಿ ಎನ್‌ಕ್ರೋಚಾಟ್ ಎಂಬ ಗುಪ್ತ ಫೋನುಗಳ ಒಳಗೆ ಫ್ರಾನ್ಸ್ ಪೊಲೀಸರು 2020ರಲ್ಲಿ ಹೊಕ್ಕರು. ಅದರಿಂದ 6,500ಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಆ ಅಧಿಕಾರದಿಂದ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ.

ಆದರೆ ನುಗ್ಗಬೇಕಾದರೆ ಬಾಗಿಲಲ್ಲಿ ಒಂದು ಬಿರುಕು ಬೇಕು. ಆ ಬಿರುಕು ಎಲ್ಲರ ಮನೆ ಬಾಗಿಲಲ್ಲೂ ಇರುತ್ತದೆ. ವಿಂಡೋಸ್‌ನಲ್ಲಿದ್ದ ಒಂದು ಬಿರುಕನ್ನು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ತನ್ನ ಬಳಕೆಗೆ ಗುಟ್ಟಾಗಿ ಇಟ್ಟುಕೊಂಡಿತ್ತು. ಅದು ಸೋರಿ ಹೋಗಿ 2017ರ ಮೇ ತಿಂಗಳಲ್ಲಿ ವಾನಾಕ್ರೈ ಆಗಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಆಗಿ ಬಂತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಆಗ ನನ್ನ ಅಂಗಡಿಯಲ್ಲಿ ಅಪ್‌ಡೇಟ್ ಮಾಡದ ವಿಂಡೋಸ್ 7 ಇತ್ತು. ಎರಡು ದಿನ ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟು ಕೆಲಸ ಮಾಡಿದ್ದೆ.

ಹಾಗಾಗಿ ನಾನು ಕೇಳುವುದು ಮಹಜರು. ಹೊಕ್ಕರೆ, ಮೊದಲು ಒಬ್ಬ ನ್ಯಾಯಾಧೀಶರ ಸಹಿ ಇರಲಿ. ಯಾವ ಫೈಲಿಗೆ, ಎಷ್ಟು ದಿನಕ್ಕೆ ಅಂತ ಅದರಲ್ಲಿ ಬರೆದಿರಲಿ. ಒಳಗೆ ಮಾಡಿದ ಪ್ರತಿ ಕೆಲಸದ ದಾಖಲೆ ತಿದ್ದಲು ಬರದ ಹಾಗೆ ಇರಲಿ. ತನಿಖೆ ಮುಗಿದ ಮೇಲಾದರೂ, ನಿಮ್ಮ ಕಂಪ್ಯೂಟರಿನಲ್ಲಿ ನಾವು ಇಂಥ ದಿನ ಇದ್ದೆವು ಎಂದು ಒಂದು ನೋಟಿಸು ಕೊಡಲಿ. ಕೇಸಿಗೆ ಸಂಬಂಧವೇ ಇಲ್ಲದವರ ಹದಿನೇಳು ಪುಟ ಕಣ್ಣಿಗೆ ಬಿದ್ದರೆ ಅಳಿಸಿಹಾಕಿ, ಅಳಿಸಿದ್ದೇವೆ ಎಂದೂ ಬರೆಯಲಿ. ಒಂದು ಸಿಪಿಯು ಒಯ್ಯಲು ಬಟ್ಟೆ, ದಾರ, ಅರಗು, ನಾಲ್ಕು ಸಹಿ ಬೇಕಾಯಿತಲ್ಲ, ಇದಕ್ಕೂ ಅಷ್ಟು ಬೇಡವಾ?

ಈಗ ನನ್ನ ಅಂಗಡಿಯಲ್ಲಿ ಪ್ರಿಂಟ್ ಕೊಟ್ಟ ಹದಿನೈದನೇ ದಿನಕ್ಕೆ ಫೈಲು ಅಳಿಸುತ್ತೇನೆ. ಗೋಡೆಗೆ ಹಾಗಂತ ಬರೆದು ಅಂಟಿಸಿದ್ದೇನೆ. ಬರೀ ಡಿಲೀಟ್ ಒತ್ತಿದರೆ ಸಾಲದು, ಎಫ್‌ಎಸ್‌ಎಲ್‌ನವರಿಗೆ ಅದೂ ಸಿಗುತ್ತದೆ ಎಂದು ಮಗಳು ಪೂರ್ತಿ ಅಳಿಸುವ ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಾಳೆ. ಮೊನ್ನೆ ಕುಣಿಗಲ್ ಕಡೆಯ ಹಿರಿಯರೊಬ್ಬರು ಮೂರು ವರ್ಷದ ಹಿಂದಿನ ವಿಲ್ಲಿನ ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಇಲ್ಲ ಅಂದೆ. ಬೇಜಾರಾದರು. ಹೊಸದಾಗಿ ಟೈಪ್ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಹೋದ ವಾರ ಆ ಹೆಣ್ಣುಮಗಳು ಬಂದಿದ್ದಳು. ಒಂದೂವರೆ ವರ್ಷದ ಮೇಲೆ. ಮಗನ ಟಿಸಿಗೆ ಸ್ಕೂಲಿಗೆ ಒಂದು ಅರ್ಜಿ ಬೇಕಿತ್ತು. ಈ ಸಲ ಒಳಗೆ ಬಂದು ಸ್ಟೂಲಿನಲ್ಲಿ ಕೂತಳು. ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದಳು, ಇನ್ನೂ ಪ್ಯಾಕೆಟ್ ಒಡೆದಿರಲಿಲ್ಲ.

"ಇದ್ರಲ್ಲೇ ಮಾಡಿ ಅಕ್ಕಾ. ನಿಮ್ದ್ರಲ್ಲಿ ಬ್ಯಾಡ."

ಕತ್ತರಿ ಹುಡುಕಿ ಪ್ಯಾಕೆಟ್ ಕತ್ತರಿಸಿದೆ. ಅರ್ಧ ಪುಟದ ಅರ್ಜಿ. ಅದರಲ್ಲೇ ಟೈಪ್ ಮಾಡಿ, ಅದರಿಂದಲೇ ಎರಡು ಪ್ರತಿ ತೆಗೆದುಕೊಟ್ಟೆ. ಪೆನ್‌ಡ್ರೈವ್ ಕಿತ್ತು ಅವಳ ಕೈಗೆ ಕೊಡುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.